ಪತ್ರೊಡೆ ಸುತ್ತುತ್ತಾ ಓದಿದ ಕಾಮೆಂಟುಗಳು

ಆ ವಿಡಿಯೊ ನಾವು ಹಾಕಿದ್ದು ಜುಲೈ ತಿಂಗಳ ಒಂದು ಭಾನುವಾರ, ಜನ ಊಟ ಮುಗಿಸಿ ಫೋನು ಹಿಡಿದು ಒರಗುವ ಹೊತ್ತಿಗೆ. ಮಂಗಳೂರಿನ ಅಂಚಿನ ವಾಮಂಜೂರಿನ ಒಂದು ಗದ್ದೆ. ಒಂದು ಬದಿಯಲ್ಲಿ ಕಾಲೇಜಿನ ಹಾಸ್ಟೆಲು, ಇನ್ನೊಂದು ಬದಿಯಲ್ಲಿ ಹೊಸ ಮನೆಗಳ ಕಂಪೌಂಡು, ನಡುವೆ ಹೇಗೋ ಉಳಿದುಕೊಂಡ ಕೆಸರಿನಲ್ಲಿ ಐವರು ಹುಡುಗಿಯರು ಸಾಲಾಗಿ ಬಾಗಿ ನೇಜಿ ನೆಡುತ್ತಿದ್ದರು. ನೇಜಿ ಅಂದರೆ ಭತ್ತದ ಸಸಿ. ನೆಡುತ್ತಾ ಹಾಡುತ್ತಿದ್ದರು. ಹಾಡು ಜಾರ್ಖಂಡಿನ ಅವರ ಊರಿನ ಭಾಷೆಯದು. ಒಬ್ಬಳು ಎತ್ತಿಕೊಡುವುದು, ಉಳಿದವರು ಹಿಂದಿನಿಂದ ಸೇರಿಕೊಳ್ಳುವುದು. ವಾರವಿಡೀ ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳು ಅವರು. ತಾವಿದ್ದ ಬಿಡಾರದ ಯಜಮಾನತಿಗೆ ಆಳು ಸಿಗದೆ ನೇಜಿ ಹಳದಿ ತಿರುಗುತ್ತಿದೆ ಎಂದು ಗೊತ್ತಾಗಿ, ರಜೆಯ ದಿನ ತಾವಾಗಿಯೇ ಗದ್ದೆಗೆ ಇಳಿದಿದ್ದರು.

ಫೋನಿನಲ್ಲಷ್ಟೇ ಕಾಣುವ ಸಣ್ಣ ಸುದ್ದಿ ಚಾನೆಲ್ಲು ನಮ್ಮದು. ವಿಡಿಯೊ ತೆಗೆಯುವವರು ಬೇರೆ. ನನ್ನ ಕೆಲಸ ವಿಡಿಯೊದ ಕೆಳಗೆ ಕೂತುಕೊಳ್ಳುವುದು. ಕಾವೂರಿನ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಒಂದು ಕಿವಿ ಕುಕ್ಕರಿಗೆ ಕೊಟ್ಟು, ಬಂದ ಕಾಮೆಂಟುಗಳನ್ನು ನೋಡಿ ಇರಬಹುದಾದ್ದನ್ನು ಬಿಡುತ್ತೇನೆ, ಇರಬಾರದ್ದನ್ನು ತೆಗೆಯುತ್ತೇನೆ. ನಾನು ಮೀನಿನವರ ಮನೆಯಲ್ಲಿ ಹುಟ್ಟಿದವಳು. ಬಲೆಯಿಂದ ಸುರಿದ ರಾಶಿಯನ್ನು ಅಮ್ಮ ವಿಂಗಡಿಸುತ್ತಿದ್ದದ್ದೂ ಹೀಗೆಯೇ: ಬೂತಾಯಿ ಒಂದು ಕಡೆ, ಬಂಗುಡೆ ಒಂದು ಕಡೆ, ಕೆಟ್ಟದ್ದು ಕಾಗೆಗೆ.

ಮೊದಲ ಗಂಟೆ ಬಹಳ ಚೆನ್ನಾಗಿ ಹೋಯಿತು. ‘ಈ ಕಾಲದಲ್ಲಿಯೂ ನೇಜಿಗೆ ಹಾಡುವವರು ಇದ್ದಾರಲ್ಲ’ ಎಂದು ಒಬ್ಬರು. ‘ನಮ್ಮ ಅಜ್ಜಿ ನೆನಪಾದರು’ ಎಂದು ಇನ್ನೊಬ್ಬರು. ಸಂಪಾದಕರು ಫೋನು ಮಾಡಿ, “ಅಕ್ಕ, ಇದು ಓಡ್ತದೆ ನೋಡಿ. ಈ ವಾರದ್ದು ಇದೇ” ಎಂದರು. ನಾನು ಹಾರ್ಟು ಒತ್ತುತ್ತಾ ಕೂತಿದ್ದೆ.

ಚಹಾಕ್ಕೆ ನೀರಿಟ್ಟು ಬರುವಷ್ಟರಲ್ಲಿ ಗಾಳಿ ತಿರುಗಿತ್ತು. ‘ಇವರು ನಮ್ಮ ದೇಶದವರು ಹೌದಾ? ಆಧಾರ್ ನೋಡಿದ್ದೀರಾ?’ ಎಂದು ಯಾರೋ ಕೇಳಿದ್ದ. ಪ್ರಶ್ನೆ ಅಲ್ಲವೇ, ಇರಲಿ ಎಂದು ಬಿಟ್ಟೆ. ಅದರ ಬೆನ್ನಿಗೇ ಸಾಲು ಹತ್ತಿತು. ಗಡಿ ದಾಟಿ ಬಂದವರು. ಕೊಳಕು ಜನ. ಇವತ್ತು ನೇಜಿ, ನಾಳೆ ಗದ್ದೆಯೇ ಅವರದ್ದು. ನಮ್ಮ ಹುಡುಗಿಯರ ಕೆಲಸ ಕಿತ್ತುಕೊಳ್ಳಲು ಬಂದವರು, ಓಡಿಸಿ ಇವರನ್ನು. ಮತ್ತೆ ಕೆಲವು, ಹೆಣ್ಣುಮಕ್ಕಳ ಮೈಯ ಬಗ್ಗೆ. ಅವನ್ನು ನಾನಿಲ್ಲಿ ಬರೆಯುವುದಿಲ್ಲ. ಪ್ರಶ್ನೆಯ ವೇಷದಲ್ಲಿ ಬಂದ ಆ ಮೊದಲನೆಯದು ಉಳಿದವರಿಗೆಲ್ಲ ಬಾಗಿಲು ತೆರೆದಿಟ್ಟಿತ್ತು.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಕ್ರಮ ಉಂಟು. ಮೊದಲು ಅಡಗಿಸುವುದು, ಮತ್ತೆ ಬರೆದರೆ ಅಳಿಸುವುದು, ಮತ್ತೂ ಬರೆದರೆ ಅವನನ್ನೇ ಹೊರಗಿಡುವುದು. ಕೆಲವು ಪದಗಳನ್ನು ಜರಡಿಗೆ ಹಾಕಿಟ್ಟರೆ ಅವು ಇರುವ ಕಾಮೆಂಟು ಜನರಿಗೆ ಕಾಣುವ ಮೊದಲೇ ತಡೆದು ನಿಲ್ಲುತ್ತದೆ. ನಾನು ಸೋಮವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ ಒಂದೊಂದೇ ಪದ ಸೇರಿಸಿದೆ. ಅವರು ಅಕ್ಷರದ ನಡುವೆ ಚುಕ್ಕಿ ಇಟ್ಟು ಬರೆದರು. ಚುಕ್ಕಿಯದ್ದನ್ನೂ ಸೇರಿಸಿದೆ. ತುಳುವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಆ ಆಪಿನ ಕಂಪನಿಗೆ ದೂರು ಕೊಟ್ಟರೆ, ‘ಇದರಲ್ಲಿ ನಮ್ಮ ನಿಯಮಕ್ಕೆ ವಿರುದ್ಧವಾದದ್ದು ಕಾಣಲಿಲ್ಲ’ ಎಂಬ ಉತ್ತರ ಬರುತ್ತಿತ್ತು. ಅಲ್ಲಿ ಕೂತ ಯಂತ್ರಕ್ಕೆ ತುಳು ಎಲ್ಲಿ ಬರಬೇಕು ಪಾಪ.

ಸಿಟ್ಟಿನಲ್ಲಿ ‘ಓಡಿಸಿ’ ಎಂಬ ಪದವನ್ನೂ ಜರಡಿಗೆ ಹಾಕಿದೆ. ಮಧ್ಯಾಹ್ನ ಸಂಪಾದಕರ ಫೋನು.

“ಅಕ್ಕ, ನಂತೂರಿನ ಟ್ರಾಫಿಕ್ಕಿನ ವಿಡಿಯೊಗೆ ಒಂದೇ ಒಂದು ಕಾಮೆಂಟ್ ಇಲ್ಲ.”

“ಜನರಿಗೆ ಅಭ್ಯಾಸ ಆಗಿರ್ಬೇಕು.”

“ನಂತೂರಿನ ಬಗ್ಗೆ ಮಂಗಳೂರಿನವ್ರು ಸುಮ್ಮನೆ ಕೂತ್ಕೊಳ್ತಾರಾ ಅಕ್ಕ? ಎಂತದೋ ಎಡವಟ್ಟು ಆಗಿದೆ.”

ತೆರೆದು ನೋಡಿದರೆ ಹೌದು. ‘ಲಾರಿಗಳನ್ನು ರಾತ್ರಿ ಮಾತ್ರ ಓಡಿಸಿ’, ‘ಬಸ್ಸಿನವರೇ ಸ್ವಲ್ಪ ನಿಧಾನ ಓಡಿಸಿ’, ಎಲ್ಲವೂ ನನ್ನ ಜರಡಿಯಲ್ಲಿ ಸಿಕ್ಕಿ ಬಿದ್ದಿದ್ದವು. ನಂತೂರಿನ ವಾಹನಗಳ ಹಾಗೆಯೇ ಸಾಲುಗಟ್ಟಿ ನಿಂತಿದ್ದವು. ಒಂದೊಂದಾಗಿ ಬಿಡಿಸಿ ಕಳಿಸಿದೆ.

“ಸರ್, ನೇಜಿಯ ವಿಡಿಯೊಗೆ ಕಾಮೆಂಟೇ ಬಂದ್ ಮಾಡುವ” ಎಂದೆ.

“ಬಂದ್ ಮಾಡಿದ್ರೆ ವಿಡಿಯೊ ಸಾಯ್ತದೆ ಅಕ್ಕ. ಮತ್ತೆ, ಒಳ್ಳೆಯದು ಬರೆದವ್ರು ಎಂತ ತಪ್ಪು ಮಾಡಿದ್ದಾರೆ?”

ಫೋನಿಟ್ಟು ಮತ್ತೆ ಜರಡಿ ಹಿಡಿದು ಕೂತೆ.

ಮರುದಿನ ಒಬ್ಬ ಆ ಹುಡುಗಿಯರ ಬಿಡಾರದ ಗೇಟಿನ ಫೋಟೊ ಹಾಕಿ, ಯಾವ ರಸ್ತೆ, ಎಷ್ಟನೆಯ ತಿರುವು ಎಂದೆಲ್ಲ ಬರೆದಿದ್ದ. ನನ್ನದು ಗುಡಿಸುವ ಕೈ; ಗಲೀಜು ಕಂಡರೆ ತಡೆಯುವುದಿಲ್ಲ. ಒಂದು ಕ್ಷಣವೂ ಯೋಚಿಸದೆ ಅಳಿಸಿಬಿಟ್ಟೆ. ಅಳಿಸಿದ ಮೇಲೆ ಸೈಬರ್ ಠಾಣೆಗೆ ಫೋನು ಮಾಡಿದೆ. ಆ ಕಡೆಯಿಂದ ಮಾತಾಡಿದ ಪೊಲೀಸ್ ಹೆಣ್ಣುಮಗಳದ್ದು ಬಹಳ ತಾಳ್ಮೆಯ ಸ್ವರ.

“ಲಿಂಕ್ ಉಂಟಾ ಅಮ್ಮ?”

“ಡಿಲೀಟ್ ಮಾಡಿದೆ.”

“ಸ್ಕ್ರೀನ್‌ಶಾಟ್ ತೆಗ್ದಿದ್ದೀರಾ?”

“ಇಲ್ಲ.”

“ಯಾಕಮ್ಮ ಅಷ್ಟು ಅರ್ಜೆಂಟಲ್ಲಿ ತೆಗ್ದದ್ದು?”

“ಗಲೀಜಲ್ವಾ.”

ಅವರು ನಕ್ಕರು. “ಗಲೀಜನ್ನು ಮೊದಲು ತೋರಿಸ್ಬೇಕು, ಆಮೇಲೆ ಗುಡಿಸ್ಬೇಕು. ಇನ್ನೊಮ್ಮೆ ಬಂದ್ರೆ ಹಾಗೆಯೇ ಇಡಿ.”

ಇನ್ನೊಮ್ಮೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದೇ ಮನುಷ್ಯ ಅದೇ ಫೋಟೊವನ್ನು ಬೇರೊಂದು ಪುಟದಲ್ಲಿ ಹಾಕಿದ. ಈ ಸಲ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡ ಹಾಗೆ ಕೂತೆ. ಲಿಂಕು, ಹೆಸರು, ಹೊತ್ತು ಎಲ್ಲ ಕಾಣುವ ಹಾಗೆ ಚಿತ್ರ ತೆಗೆದು ಕಳಿಸಿದೆ. ಅವನನ್ನು ಠಾಣೆಗೆ ಕರೆಸಿ ಮಾತಾಡಿದರು, ಫೋಟೊ ಹೋಯಿತು. ಆದರೆ ಹೋಗುವ ಮೊದಲು ಅದನ್ನು ನೋಡಬಾರದವರೊಬ್ಬರು ನೋಡಿಯಾಗಿತ್ತು.

ಅದು ಗೊತ್ತಾದದ್ದು ಹುಡುಗಿಯರು ಹೇಗಿದ್ದಾರೆಂದು ನೋಡಲು ನಾನು ವಾಮಂಜೂರಿಗೆ ಹೋದ ದಿನ. ಬಿಡಾರದ ಯಜಮಾನತಿ ನನಗೆ ಮೊದಲೇ ಪರಿಚಯ; ಅವರನ್ನು ಊರಿನವರೆಲ್ಲ ಕರೆಯುವ ಹಾಗೆ ನಾನೂ ಬಾಯಮ್ಮ ಎಂದೇ ಕರೆಯುವುದು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಹಾಗೆ ಗೌರವದಿಂದ ಕರೆಯುತ್ತಾರೆ. ಅವರ ಮನೆ ಮುಂದೆ, ಹುಡುಗಿಯರ ಬಿಡಾರ ಹಿಂದೆ, ಎರಡಕ್ಕೂ ಒಂದೇ ಗೇಟು. ಬಾಯಮ್ಮ ಜಗಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಅವರ ಗಂಡ, ಹಾಗೆಯೇ ಗೌರವದಿಂದ ಎಲ್ಲರೂ ಪೊರ್ಬುಗಳು ಎನ್ನುವವರು, ಪೇಪರ್ ಹಿಡಿದು ಕೂತಿದ್ದರು.

“ಬಂದ್ಯಾ? ಕೂತ್ಕೊ. ನಿನ್ನ ಆ ವಿಡಿಯೊದಿಂದ ನನ್ನ ತಲೆ ಕೆಟ್ಟು ಹೋಗಿದೆ ಮಾರಾಯ್ತಿ.”

“ಎಂತಾಯ್ತು ಬಾಯಮ್ಮ?”

“ಎಂತಾಯ್ತಾ? ನನ್ನ ಗೇಟು ಕುವೈತಿನಲ್ಲಿ ಕಾಣ್ತದಂತೆ!”

“ಅದಕ್ಕೆ ಪೈಂಟು ಹೊಡಿ ಅಂತ ನಾನು ಎಷ್ಟು ವರ್ಷದಿಂದ ಹೇಳ್ತಾ ಇದ್ದೇನೆ” ಎಂದರು ಪೊರ್ಬುಗಳು ಪೇಪರಿನ ಹಿಂದಿನಿಂದ.

“ನೀವು ಸುಮ್ಮನಿರಿ.”

ಕುವೈತಿನಲ್ಲಿ ಬಾಯಮ್ಮನ ತಂಗಿ ನರ್ಸು. ಬಿಡಾರ ಕಟ್ಟಿಸಿದ್ದು ಇಬ್ಬರೂ ಸೇರಿ, ಹಾಗಾಗಿ ತಂಗಿಯ ಮಾತಿಗೆ ತೂಕ ಉಂಟು. ಆ ಫೋಟೊ ನೋಡಿ ತಂಗಿ ಹೆದರಿ, ಅವರನ್ನು ಬಿಡಾರದಿಂದ ಬಿಡಿಸು ಎಂದಿದ್ದಳು. ತಿಂಗಳ ಕೊನೆಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಬಾಯಮ್ಮ ಹುಡುಗಿಯರಿಗೆ ಹೇಳಿಯೂ ಆಗಿತ್ತು.

“ಒಳ್ಳೆ ಮಕ್ಕಳೇ. ನನ್ನ ನೇಜಿ ನೆಟ್ಟುಕೊಟ್ಟವ್ರು, ನಾನು ಮರ್ತಿಲ್ಲ. ಆದ್ರೆ ನಾಳೆ ಯಾರಾದ್ರೂ ಬಂದು ಗಲಾಟೆ ಮಾಡಿದ್ರೆ ನನ್ನಿಂದ ಎಂತ ಆಗ್ತದೆ ಹೇಳು?”

ನಾನು ಹಿಂದೆ ಬಿಡಾರಕ್ಕೆ ಹೋದೆ. ಹುಡುಗಿಯರು ಕಾರ್ಖಾನೆಯಿಂದ ಆಗಷ್ಟೇ ಬಂದು ಬಾವಿಕಟ್ಟೆಯಲ್ಲಿ ಕೈ ತಿಕ್ಕುತ್ತಿದ್ದರು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕಪ್ಪಾದ ಬೆರಳು ಎಷ್ಟು ತಿಕ್ಕಿದರೂ ಬಿಳಿಯಾಗುವುದಿಲ್ಲ. ಆ ಹತ್ತಿರದಲ್ಲಿಯೇ ಬೇರೆ ರೂಮು ಕೇಳಿ ನೋಡಿದ್ದರಂತೆ. ಮನೆಯವರು ವಿಡಿಯೊದಲ್ಲಿದ್ದವರಾ ಎಂದು ಕೇಳಿ ಬಾಗಿಲು ಹಾಕಿಕೊಂಡಿದ್ದರಂತೆ. ರೂಮು ಸಿಗದಿದ್ದರೆ ಕೆಲಸ ಬಿಟ್ಟು ಊರಿಗೆ ಹೋಗುವುದೇ.

ಐವರಲ್ಲಿ ದೊಡ್ಡವಳಿಗೆ ಕಾರ್ಖಾನೆಯ ಹೆಂಗಸರ ನಡುವೆ ಕೂತು ಕೂತು ತುಳು ಬರುತ್ತದೆ, ಕನ್ನಡ ಅದರ ಜೊತೆಗೆ ಕಲಸಿಕೊಂಡು ಬರುತ್ತದೆ. ಗದ್ದೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ಅವಳೇ. ಕನ್ನಡ ಓದಲು ಮಾತ್ರ ಐವರಿಗೂ ಬಾರದು.

“ದೀದಿ, ಆಕುಲು ದಾದ ಬರೆತೆರ್?” ಎಂದಳು. ಅವರು ಏನು ಬರೆದಿದ್ದಾರೆ ಎಂದು.

“ಒಳ್ಳೆಯದೇ ಬರೆದಿದ್ದಾರೆ. ಹಾಡು ಲಾಯ್ಕುಂಟು ಅಂತ.”

ಅವಳು ನನ್ನ ಮುಖ ನೋಡಿದಳು. “ಒಳ್ಳೆದು ಬರೆದ್ರೆ ಬಾಯಮ್ಮ ಯಾಕೆ ಹೋಗಿ ಅಂತ ಹೇಳಿದ್ದು?”

ವಾಪಸು ಬರುವಾಗ ಬಸ್ಸು ಎಂದಿನಂತೆ ನಂತೂರಿನಲ್ಲಿ ಸಿಕ್ಕಿಕೊಂಡಿತು. ಮೀನಿನ ಲಾರಿಯ ನೀರು ರಸ್ತೆಗೆ ತೊಟ್ಟಿಕ್ಕುವುದನ್ನು ನೋಡುತ್ತಾ ಕೂತೆ. ನಾನು ಎಷ್ಟು ಗುಡಿಸಿದರೂ ಆ ಮಾತುಗಳು ಬಾಯಮ್ಮನಿಗೆ ಸುದ್ದಿಯಾಗಿ, ಹುಡುಗಿಯರಿಗೆ ಹೆದರಿಕೆಯಾಗಿ ಹೋಗಿ ಮುಟ್ಟಿದ್ದವು. ಬರೆದದ್ದು ಏನು ಎಂಬುದು ಮಾತ್ರ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗಲೀಜನ್ನು ಮೊದಲು ತೋರಿಸಬೇಕು ಎಂದು ಪೊಲೀಸ್ ಹೆಣ್ಣುಮಗಳು ಹೇಳಿದ್ದು ನೆನಪಿಗೆ ಬಂತು. ಬಸ್ಸು ಹೊರಡುವ ಮೊದಲೇ ಸಂಪಾದಕರಿಗೆ ಫೋನು ಮಾಡಿದೆ.

“ಸರ್, ನಾನು ಆ ಕಾಮೆಂಟುಗಳನ್ನು ಅವ್ರಿಗೇ ಓದಿ ಹೇಳ್ತೇನೆ.”

“ಎಂತ ಅಕ್ಕ ನೀವು! ಅಳ್ತಾರೆ ಅವ್ರು.”

“ಅಳ್ಲಿ. ಅವ್ರ ಬಗ್ಗೆ ಬರೆದದ್ದು ಸರ್. ನಾವು ಕಟ್ಟಿ ಇಟ್ಕೊಂಡ್ರೆ ಹೇಗೆ?”

“ನಿಮಗೆ ಸರಿ ಕಂಡ ಹಾಗೆ ಮಾಡಿ” ಎಂದರು.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಹೋದೆ. ಬಾಯಮ್ಮನ ಜಗಲಿಯಲ್ಲಿಯೇ ಎಲ್ಲರನ್ನೂ ಕೂರಿಸಿದೆ. ಮೊದಲು ಕೇಳಿದೆ: ಓದಲೇ, ಬೇಡವೇ? ಓದಿ ಎಂದರು. ಮೈಯ ಬಗ್ಗೆ ಬರೆದದ್ದನ್ನು ನಾನು ಓದುವುದಿಲ್ಲ, ಅಂಥದ್ದು ಇದೆ ಎಂದು ಮಾತ್ರ ಹೇಳುತ್ತೇನೆ ಎಂದೆ. “ಅದು ಬಸ್ಸಿನಲ್ಲಿಯೂ ಉಂಟು ದೀದಿ” ಎಂದು ಒಬ್ಬಳು ಕೈ ಬೀಸಿದಳು, ನೊಣ ಓಡಿಸಿದ ಹಾಗೆ.

ಕನ್ನಡದ್ದನ್ನು ಕನ್ನಡದಲ್ಲಿ ಓದುವುದು, ಆಮೇಲೆ ನನ್ನ ಹಿಂದಿಯಲ್ಲಿ ಹೇಳುವುದು. ನನ್ನ ಹಿಂದಿ ದೂರದರ್ಶನದಿಂದ ಬಂದದ್ದು. ಕೆಲಸ ಕಿತ್ತುಕೊಳ್ಳುವವರು ಎಂಬುದನ್ನು ಹೇಳಲು ನಾನು ಕೈಯಲ್ಲಿ ಏನನ್ನೋ ಕಿತ್ತು ತೋರಿಸಿದೆ. ಅವರು ಬದನೆಕಾಯಿ ಕೊಯ್ಯುವುದು ಎಂದುಕೊಂಡರು. ಕೊನೆಗೆ ಅರ್ಥವಾದಾಗ ಐವರೂ ಒಬ್ಬರನ್ನೊಬ್ಬರು ನೋಡಿ ನಗಲು ಸುರು ಮಾಡಿದರು.

“ಅವನಿಗೆ ಬರ್ಲಿಕ್ಕೆ ಹೇಳಿ ದೀದಿ. ಸೋಮವಾರ. ನನ್ನ ಪಕ್ಕ ಜಾಗ ಉಂಟು. ಬೀಜ ಒಡೀಲಿ, ಎಣ್ಣೆ ಕೈಗೆ ಹತ್ತಿದ್ರೆ ಗೊತ್ತಾಗ್ತದೆ” ಎಂದಳು ದೊಡ್ಡವಳು.

ಎಲ್ಲದಕ್ಕೂ ನಗಲಿಲ್ಲ. ಕೊಳಕು ಜನ ಎಂದದ್ದನ್ನು ಹೇಳಿದಾಗ ಎಲ್ಲರಿಗಿಂತ ಚಿಕ್ಕವಳು ಎರಡೂ ಕೈಗಳನ್ನು ದುಪಟ್ಟಾದ ಒಳಗೆ ಎಳೆದುಕೊಂಡಳು. ಬಾಯಮ್ಮ ಅದನ್ನು ನೋಡಿದರು. ನಾನು ಇನ್ನು ಸಾಕು ಎನ್ನುವಷ್ಟರಲ್ಲಿ ಕೊನೆಯದೊಂದು ಉಳಿದಿತ್ತು: ‘ಇಂಥವರು ನೆಟ್ಟ ನೇಜಿ ಏಳುವುದಿಲ್ಲ. ಆ ಗದ್ದೆಯಲ್ಲಿ ಈ ಸಲ ಬರೀ ಹುಲ್ಲು.’

ಬಾಯಮ್ಮ ಎದ್ದು ನಿಂತರು.

“ಎಂತ ಹೇಳಿದ್ದು ಅವ?”

ಇನ್ನೊಮ್ಮೆ ಓದಿದೆ.

“ನನ್ನ ಗದ್ದೆಯಲ್ಲಿ ಹುಲ್ಲಾ? ನನ್ನ ಗದ್ದೆಯಲ್ಲಾ? ನಾನು ಮದುವೆಯಾಗಿ ಬಂದಲ್ಲಿಂದ ಆ ಗದ್ದೆ ಒಂದು ವರ್ಷ ಬೀಳು ಬಿಟ್ಟದ್ದಿಲ್ಲ! ಯಾರು ಮಾರಾಯ್ತಿ ಅವ? ಹೆಸರು ಎಂತ?”

“ಗೊತ್ತಿಲ್ಲ ಬಾಯಮ್ಮ, ಹುಲಿಯ ಚಿತ್ರ ಹಾಕಿದ್ದಾನೆ.”

“ಹುಲಿ ಹುಲ್ಲಿನ ವಿಷಯ ಮಾತಾಡುದಾ!” ಎಂದರು ಪೊರ್ಬುಗಳು.

“ಉತ್ತರ ಬರಿ. ನಾನು ಹೇಳ್ತೇನೆ, ನೀನು ಬರಿ.”

ಹುಡುಗಿಯರನ್ನು ಅಂದಾಗ ಹೆದರಿ ಕೂತವರು, ಗದ್ದೆಯನ್ನು ಅಂದಾಗ ಸೊಂಟ ಕಟ್ಟಿ ನಿಂತರಲ್ಲ ಎಂದು ನನಗೆ ಒಳಗೊಳಗೇ ನಗು. ಇರಲಿ, ಮನುಷ್ಯರಿಗೆ ಧೈರ್ಯ ಎಲ್ಲಿಂದ ಬಂದರೂ ಆದೀತು. ಬರೆದರೆ ಜಗಳ ಬೆಳೆಯುತ್ತದೆ, ಅದರ ಬದಲು ನೀವೇ ಮಾತಾಡಿ, ಲೈವ್ ಮಾಡುವ ಎಂದೆ.

“ಲೈವಾ? ನಾನಾ? ಈ ನೈಟಿಯಲ್ಲಾ?”

ಈ ದಿನ ಬೇಡ, ಬರುವ ಭಾನುವಾರ ಎಂದು ಒಪ್ಪಿಸಿದೆ. ಹುಡುಗಿಯರಲ್ಲಿ ಇಬ್ಬರಿಗೆ ಮುಖ ತೋರಿಸಲು ಮನಸ್ಸಿರಲಿಲ್ಲ. ಒಮ್ಮೆ ತೋರಿಸಿ ಅನುಭವಿಸಿದ್ದು ಸಾಕಾಗಿತ್ತು. ಅದಕ್ಕೆ ಉಪಾಯ ಹೊಳೆದದ್ದು ಬೇಲಿಯ ಬದಿಯ ಕೆಸುವಿನ ಎಲೆ ನೋಡಿ. ಜಡಿಮಳೆಯ ಆಟಿ ತಿಂಗಳು, ಎಲೆ ಮೊರದಗಲ ಬೆಳೆದು ನಿಂತಿತ್ತು. ಪತ್ರೊಡೆ ಮಾಡುತ್ತಾ ಮಾತಾಡುವುದು. ಕ್ಯಾಮೆರಾ ಮುಖಕ್ಕಲ್ಲ, ಕೈಗಳಿಗೆ.

ಸಂಪಾದಕರು ಬಂದು ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ಕೆಳಮುಖ ಮಾಡಿ ನಿಲ್ಲಿಸಿದರು. ಗೇಟು, ರಸ್ತೆ, ಮನೆಯ ಗೋಡೆ, ಯಾವುದೂ ಕಾಣದ ಹಾಗೆ ಮೂರು ಸಲ ನೋಡಿದೆವು. ನಾನು ಓದಲಿಕ್ಕಿರುವ ಕಾಮೆಂಟುಗಳನ್ನು ಮೊದಲೇ ಆರಿಸಿ ಇಟ್ಟಿದ್ದೆ. ಬೆದರಿಕೆ ಹಾಕಿದ್ದು ಠಾಣೆಗೆ ಹೋಗಿತ್ತು, ಹೊಲಸು ಮಾತು ಕಾಗೆಗೆ, ಉಳಿದ ಕೊಂಕು ಮಾತುಗಳು ಮಾತ್ರ ನನ್ನ ಮುಂದೆ. ಬರೆದವರ ಹೆಸರು ಹೇಳುವುದಿಲ್ಲ ಎಂದು ನಿಶ್ಚಯ ಮಾಡಿದ್ದೆವು. ಬಾಯಮ್ಮ ಬೆಳಿಗ್ಗೆ ಇಗರ್ಜಿಯ ಪೂಜೆಗೆ ಉಟ್ಟ ಸೀರೆಯಲ್ಲಿಯೇ ಕೂತರು, ಕೈ ಮಾತ್ರ ಕಾಣುವುದೆಂದು ಎಷ್ಟು ಹೇಳಿದರೂ ಪೌಡರು ಹಾಕಿಕೊಂಡರು.

ಸುರುವಾದ ಕೂಡಲೇ ಮಳೆ ಬಂತು, ನೆಟ್‌ವರ್ಕ್ ಹೋಯಿತು. ಸಂಪಾದಕರು ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಇನ್ನೊಂದು ಫೋನು ಹಿಡಿದು ಅಂಗಳದ ಮೂಲೆಗೆ ಹೋಗಿ ನಿಂತ ಮೇಲೆ ಚಿತ್ರ ಮರಳಿತು. ಎಲೆಯ ಮೇಲೆ ಹಿಟ್ಟು ಸವರುವ ಬಾಯಮ್ಮನ ಕೈ, ಅದಕ್ಕೆ ಇನ್ನೊಂದು ಎಲೆ ಮಗುಚಿ ಇಡುವ ಕಪ್ಪು ಬೆರಳುಗಳು. ನಾನು ಮೊದಲನೆಯದನ್ನು ಓದಿದೆ: ನಮ್ಮ ಕೆಲಸ ಕಿತ್ತುಕೊಳ್ಳಲು ಬಂದವರು.

ದೊಡ್ಡವಳು ಸೋಮವಾರದ ಆಮಂತ್ರಣವನ್ನು ತನ್ನ ತುಳು ಬೆರೆತ ಕನ್ನಡದಲ್ಲಿ ಕೊಟ್ಟಳು. ಕೆಳಗೆ ನಗುವ ಮುಖಗಳು ಮೇಲೇರಿದವು. ಒಬ್ಬ ಕೆಟ್ಟದಾಗಿ ಬರೆದ, ತೆಗೆದೆ. ಇನ್ನೊಬ್ಬ ಬರೆದ, ತೆಗೆದೆ. ಮೂರನೆಯವರು ಬರೆದದ್ದು ನೋಡಿ ನನಗೆ ಓದದೆ ಇರಲಾಗಲಿಲ್ಲ.

“ಬಾಯಮ್ಮ, ‘ಪತ್ರೊಡೆಗೆ ಇಷ್ಟು ಬೆಲ್ಲ ಹಾಕುವುದಾ?’ ಅಂತ ಕೇಳ್ತಾರೆ.”

“ಹಾಕದೆ? ಬೆಲ್ಲ ಇಲ್ಲದಿದ್ರೆ ಗಂಟಲು ತುರಿಸ್ತದೆ.”

ಆಮೇಲೆ ಆದದ್ದನ್ನು ಏನೆಂದು ಹೇಳಲಿ! ತುರಿಕೆಗೆ ಹುಳಿ ಬೇಕು, ಬೆಲ್ಲ ಅಲ್ಲ ಎಂದು ಒಬ್ಬರು. ಬೆಲ್ಲ ಹಾಕುವುದು ಬ್ರಾಹ್ಮಣರು ಎಂದು ಇನ್ನೊಬ್ಬರು. ಯಾರು ಹೇಳಿದ್ದು, ನಮ್ಮಲ್ಲಿ ಮುಟ್ಟುವುದೇ ಇಲ್ಲ ಎಂದು ಒಬ್ಬ ಭಟ್ಟರು. ಬೆಳ್ತಿಗೆ ಅಕ್ಕಿಯೋ ಕುಚ್ಚಲೋ, ಬೇಯಿಸಿ ಹಾಗೆಯೇ ತಿನ್ನುವುದೋ, ಕೊಯ್ದು ಕಾಯಿಸುವುದೋ. ನೇಜಿಯ ವಿಡಿಯೊದ ಕೆಳಗೆ ಗಡಿಯ ವಿಷಯದಲ್ಲಿಯೂ ಇಷ್ಟು ಬಿಸಿ ಏರಿರಲಿಲ್ಲ. ಅಡಗಿಸುವ ಬಟನ್ನಿನ ಮೇಲೆ ಇಟ್ಟಿದ್ದ ನನ್ನ ಬೆರಳಿಗೆ ಕೆಲಸವೇ ಇಲ್ಲ. ನಿಮ್ಮ ಊರಲ್ಲಿಯೂ ಈ ಎಲೆ ಸಿಗುತ್ತದೆಯೇ ಎಂದು ಯಾರೋ ಹುಡುಗಿಯರನ್ನೇ ಕೇಳಿದರು. ಸಿಗುತ್ತದೆ, ನಾವು ಉದ್ದಿನ ಹಿಟ್ಟು ಸವರಿ ಎಣ್ಣೆಯಲ್ಲಿ ಕರಿಯುತ್ತೇವೆ ಎಂದಳು ಚಿಕ್ಕವಳು. ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಎಷ್ಟು ಹೊತ್ತು ಕರಿಯಬೇಕು ಎಂದು ಆ ಬೆಲ್ಲದ ವಿರೋಧಿಯೇ ಕೇಳಿದರು.

ಆಗ ಹುಲಿಯ ಚಿತ್ರ ಬಂತು. ‘ಬಾಯಮ್ಮ, ನಾನು ನಿಮ್ಮ ಗದ್ದೆಗೆ ಅಂತ ಹೇಳಿದ್ದಲ್ಲ.’ ಹೆಸರು ಹೇಳದೆ ಓದಿದೆ.

“ಹೋ, ಅವನಾ?” ಬಾಯಮ್ಮ ಹಿಟ್ಟಿನ ಕೈಯನ್ನು ಮೇಲೆತ್ತಿದರು. “ಮತ್ತೆ ಯಾರ ಗದ್ದೆಗೆ ಹೇಳಿದ್ದು? ಬಂದು ನೋಡು, ಗರಿ ಎಷ್ಟು ಕಪ್ಪು ಹಸಿರು ಬಂದಿದೆ ಅಂತ. ನೀನು ಎಲ್ಲಿದ್ದೀ ಈಗ?”

‘ಬಹರೈನ್.’

“ಬಹರೈನಲ್ಲಿ ಗದ್ದೆ ಉಂಟಾ?”

‘ಇಲ್ಲ.’

“ರೂಮಲ್ಲಿ ಎಷ್ಟು ಜನ ಇದ್ದೀರಿ?”

‘ಎಂಟು.’

ನಾನು ಹಿಂದಿಯಲ್ಲಿ ಹೇಳಿದೆ. ಎಲೆ ಮಡಚುತ್ತಿದ್ದ ದೊಡ್ಡವಳು ತಲೆ ಎತ್ತಿ, “ಎಂಟು ಜನಕ್ಕೆ ಬಾತ್‌ರೂಮ್ ಎಷ್ಟು, ಕೇಳಿ ದೀದಿ” ಎಂದಳು.

‘ಒಂದು’ ಎಂದು ಬಂತು.

“ಅಯ್ಯೊ ಪಾಪ! ನಮಗೆ ಐದು ಜನಕ್ಕೆ ಒಂದು. ಬೆಳಿಗ್ಗೆ ಎಂತ ಮಾಡ್ತಾನೆ ಅವ?”

ಐವರೂ ನಕ್ಕ ರಭಸಕ್ಕೆ ಸುತ್ತಿಟ್ಟ ಪತ್ರೊಡೆಯ ಸುರುಳಿ ಒಂದು ಬಿಚ್ಚಿಕೊಂಡಿತು. ಕೆಳಗೆ ಕಾಮೆಂಟುಗಳು ತುಂಬಿದವು: ನಾವು ಆರು ಜನ, ಮಸ್ಕತ್. ನಾವು ಹತ್ತು, ದೋಹಾ, ಬಾತ್‌ರೂಮು ಕೇಳಬೇಡಿ. ಬಾಯಮ್ಮ ಪ್ರತಿಯೊಬ್ಬರಿಗೂ ಊಟ ಆಯಿತಾ ಎಂದು ಕೇಳುತ್ತಾ ಹೋದರು. ಹುಲಿಯವನು ಕ್ಷಮೆ ಕೇಳಿದ ಎಂದು ಹೇಳಿದರೆ ಸುಳ್ಳಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬರೆದ: ‘ಆ ಹಾಡು ಇನ್ನೊಮ್ಮೆ ಹಾಡ್ತಾರಾ ಕೇಳಿ.’

ದೊಡ್ಡವಳು ಎತ್ತಿಕೊಟ್ಟಳು. ಉಳಿದವರು ಸೇರಿಕೊಂಡರು. ಕೈ ನಿಲ್ಲಲಿಲ್ಲ, ಗದ್ದೆಯಲ್ಲಿ ನೇಜಿ ಇಡುತ್ತಿದ್ದ ಅದೇ ಗತಿಯಲ್ಲಿ ಎಲೆಯ ಮೇಲೆ ಎಲೆ ಬೀಳುತ್ತಿತ್ತು. ಪೊರ್ಬುಗಳು ಕುರ್ಚಿಯ ಕೈಯ ಮೇಲೆ ತಾಳ ಹಾಕಿದರು.

ಕಾಮೆಂಟಿನ ಕೆಲಸಕ್ಕೆ ಕೂತ ಮೇಲೆ, ಒಂದೂ ಅಳಿಸದೆ ಹತ್ತು ನಿಮಿಷ ಸುಮ್ಮನೆ ಕೇಳಿದ್ದು ನನಗೆ ಅದೇ ಮೊದಲು. ಇದರಿಂದ ಊರು ಶುದ್ಧವಾಯಿತು ಎಂದು ನಾನು ಹೇಳುವುದಿಲ್ಲ. ಹಳೆಯ ವಿಡಿಯೊದ ಕೆಳಗೆ ಈಗಲೂ ಯಾರಾದರೂ ಬಂದು ಉಗಿದು ಹೋಗುತ್ತಾರೆ; ಚಿತ್ರ ತೆಗೆದಿಟ್ಟು ಆಮೇಲೆ ಅಳಿಸುತ್ತೇನೆ. ಆದರೆ ಈಗ ನಾನು ಅಳಿಸುವ ಮೊದಲೇ ಅಲ್ಲಿ ಯಾರಾದರೂ ಉತ್ತರ ಕೊಟ್ಟಿರುತ್ತಾರೆ. ಹೆಚ್ಚಾಗಿ ಗಲ್ಫಿನವರೇ.

ಅಂದು ಲೈವ್ ಮುಗಿದು ಪತ್ರೊಡೆ ಬೇಯುತ್ತಿರುವಾಗ ಬಾಯಮ್ಮನ ಫೋನು ಹೊಡೆಯಿತು. ಕುವೈತಿನ ತಂಗಿ. ಸ್ಪೀಕರಿಗೆ ಹಾಕಿದರು. ಮಾತೆಲ್ಲ ಕೊಂಕಣಿ, ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹುಡುಗಿಯರು ಬಾಗಿಲ ಬಳಿ ನಿಂತು, ಭಾಷೆ ತಿಳಿಯದಿದ್ದರೂ ಸ್ವರವನ್ನೇ ಕೇಳುತ್ತಿದ್ದರು.

“ನೋಡಿದೆ ಅಕ್ಕ. ನಮ್ಮ ವಾರ್ಡಿನವರೆಲ್ಲ ಸೇರಿ ನೋಡಿದೆವು. ಪೌಡರು ಯಾಕೆ ಹಾಕಿದ್ದು?”

“ಅದು ಬಿಡು. ಈ ಮಕ್ಕಳ ವಿಷಯ ಎಂತ ಮಾಡುದು?”

ಆ ಕಡೆ ಹಿಂದೆ ಎಲ್ಲಿಯೋ ಆಸ್ಪತ್ರೆಯ ಕರೆಗಂಟೆ ಕೇಳಿಸಿತು.

“ಗೇಟಿಗೆ ಒಂದು ದೊಡ್ಡ ಲೈಟು ಹಾಕಿಸು” ಎಂದಳು ತಂಗಿ. “ಅವ್ರು ಡ್ಯೂಟಿ ಮುಗಿಸಿ ಬರುವಾಗ ಕತ್ತಲಾಗ್ತದಲ್ಲ.”

ಬಾಯಮ್ಮ ಫೋನಿಟ್ಟು ಅಡುಗೆಮನೆಗೆ ಹೋಗಿ ಪತ್ರೊಡೆಯ ತಟ್ಟೆ ತಂದರು. ಬಾಗಿಲಲ್ಲಿ ನಿಂತವರ ಮುಂದೆ ಅದನ್ನು ಹಿಡಿದು, ಇರಿ ಎಂದೂ ಹೇಳಲಿಲ್ಲ, ಹೋಗಬೇಡಿ ಎಂದೂ ಹೇಳಲಿಲ್ಲ.

“ಕೊಯ್ಲು ಅಕ್ಟೋಬರಿಗೆ” ಎಂದರು. “ಕಾರ್ಖಾನೆಯಲ್ಲಿ ಈಗಲೇ ರಜೆ ಕೇಳಿ ಇಡಿ. ಮತ್ತೆ ಆ ಹೊತ್ತಿಗೆ ರಜೆ ಸಿಗಲಿಲ್ಲ ಅಂತ ನೆಪ ಹೇಳ್ಬಾರ್ದು.”

ದೊಡ್ಡವಳು ಅಕ್ಟೋಬರ್ ಎಂಬ ಪದವನ್ನು ಹಿಡಿದುಕೊಂಡು ಬಾಯಮ್ಮನ ಮುಖ ನೋಡಿದಳು. ತಿಂಗಳ ಕೊನೆಗೆ ಉಳಿದದ್ದು ಕೆಲವೇ ದಿನ ಎಂಬುದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮತ್ತೆ ಹಿಂದಕ್ಕೆ ತಿರುಗಿ, ತಮ್ಮ ಭಾಷೆಯಲ್ಲಿ ನಾಲ್ವರಿಗೂ ಒಂದೇ ಮಾತು ಹೇಳಿದಳು. ಚಿಕ್ಕವಳು ಬಿಡಾರದ ಕಡೆಗೆ ಓಡಿದಳು. ಪಾತ್ರೆಗಳನ್ನೆಲ್ಲ ಆಗಲೇ ಗೋಣಿಗೆ ಹಾಕಿ ಕಟ್ಟಿದ್ದರಂತೆ. ಕಟ್ಟು ಬಿಚ್ಚಿ ಒಳಗಿನ ಚಹಾದ ಪಾತ್ರೆ ಹೊರಗೆಳೆಯುವ ಗಲಗಲ ಸದ್ದು ಜಗಲಿಯವರೆಗೂ ಕೇಳಿಸಿತು.

“ಎಲ್ಲರಿಗೂ ಇಡು” ಎಂದು ಬಾಯಮ್ಮ ಇಲ್ಲಿಂದಲೇ ಕೂಗಿ, ಗಂಡನ ಕಡೆ ನೋಡಿದರು. “ಇವರಿಗೆ ಸಕ್ಕರೆ ಇಲ್ಲದ್ದು.”